ಕಮಲಕ್ಕ ವಯರ್ ಹಾಕುವುದಿಲ್ಲ

ಬೆಳಕು ಹರಿಯುವ ಮುಂಚೆಯೇ ಕಮಲಾವತಿ ಟಾರ್ಚ್ ಹಿಡಿದು ನೀರಿನ ಪೈಪಿನ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಪೈಪಿನ ನಡುವೆ ಪುಟ್ಟ ಗಾಜಿನ ಕಿಂಡಿ. ಅದರೊಳಗೆ ರೆಕ್ಕೆಗಳಿರುವ ಚಕ್ರವೊಂದು ನೀರಿನ ರಭಸಕ್ಕೆ ಗಿರಗಿರನೆ ಸುತ್ತುತ್ತಿದೆ. “ತಿರುಗ್ತಾ ಉಂಟು. ಇನ್ನು ಹಾಲು ಬರಲಿ” ಎನ್ನುತ್ತಾ ಎದ್ದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

ಮಾಣಿ ಪೇಟೆಯ ಸಮೀಪದ ಈ ಖಾಸಗಿ ಹಾಲು ತಂಪು ಮಾಡುವ ಘಟಕದಲ್ಲಿ ಯಂತ್ರ ನೋಡಿಕೊಳ್ಳುವವರು ಇವರೇ. ತವರು ಮೂಡುಬಿದಿರೆ. ಕ್ಯಾನ್ ತೊಳೆಯಲು ಸೇರಿದವರು, ಹಳೆಯ ಆಪರೇಟರ್ ಜತ್ತಪ್ಪನವರ ಪಕ್ಕ ನಿಂತು ಕೆಲಸ ಕಲಿತರು. ಹೆಂಗಸಿಗೆ ಸ್ಪಾನರ್ ಯಾಕೆ ಎಂದು ನಕ್ಕವರು ಎಷ್ಟೋ ಮಂದಿ. ನಕ್ಕವರ ಮನೆಗೂ ಇಲ್ಲಿಂದಲೇ ಹಾಲು ಹೋಗುತ್ತದೆ ಎಂಬುದು ಬೇರೆ ಮಾತು.

ಹಾಲು ತಂಪಾಗಲು ಅಮೋನಿಯಾ ಅನಿಲವನ್ನು ಒತ್ತುವ ಕಂಪ್ರೆಸರ್ ಓಡಬೇಕು. ಅದು ವಿಪರೀತ ಬಿಸಿಯಾಗದಿರಲು ನೀರು ಹರಿಯುತ್ತಲೇ ಇರಬೇಕು. ಕಿಂಡಿಯೊಳಗಿನ ಆ ಚಕ್ರದಲ್ಲಿ ಚಿಕ್ಕ ಅಯಸ್ಕಾಂತಗಳಿವೆ. ಸುತ್ತು ನಿಧಾನವಾಯಿತೆಂದರೆ ಹೊರಗಿನ ಸೆನ್ಸರಿಗೆ ತಿಳಿಯುತ್ತದೆ, ನೀರಿನ ಹರಿವು ಕಾಯುವ ಫ್ಲೋ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ನಿಲ್ಲಿಸದಿದ್ದರೆ ಒತ್ತಡ ಏರಿ ಉಸಿರುಗಟ್ಟಿಸುವ ಆ ಅನಿಲ ಸೋರಬಹುದು. ಗೋಡೆಯಾಚೆ ಕ್ಯಾನ್ ತೊಳೆಯುವ ಹೆಂಗಸರಿದ್ದಾರೆ.

ಮಳೆ ಶುರುವಾದರೆ ತೊಟ್ಟಿಯ ನೀರಿನ ಜೊತೆ ಪಾಚಿ, ತೆಂಗಿನ ನಾರು ಬಂದು ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಆಗ ಬಹಳ ಕಡೆ ಒಂದೇ ಮದ್ದು: ಸ್ವಿಚ್ಚಿನ ಎರಡು ತುದಿಗೆ ವಯರ್ ತುಂಡು ಸಿಕ್ಕಿಸಿ ಅದರ ಬಾಯಿ ಮುಚ್ಚಿಸುವುದು. ಆಮೇಲೆ ನೀರು ನಿಂತರೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ನಾಳೆ ತೆಗೆಯುವ ಎಂದು ಹಾಕಿದ ವಯರ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಈ ಜಾಣತನ ಕಂಡರೆ ನನಗೆ ಮೈ ಉರಿಯುತ್ತದೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಹಾಲಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದಾಗಲೇ ಚಕ್ರ ಸಿಕ್ಕಿಕೊಂಡು ಕಂಪ್ರೆಸರ್ ನಿಂತಿತು. ಮ್ಯಾನೇಜರ್ ಹರಿಪ್ರಸಾದ್ ವಯರ್ ಹಿಡಿದುಕೊಂಡೇ ಬಂದರು.

“ನೀರು ಹೋಗ್ತಾ ಉಂಟಲ್ಲ ಕಮಲಕ್ಕ, ಚಕ್ರ ಮಾತ್ರ ಸಿಕ್ಕಿದ್ದು. ಹಾಲು ಹಾಳಾಗ್ತದೆ, ವಯರ್ ಹಾಕಿ.”

“ಇವತ್ತು ಚಕ್ರ ಸಿಕ್ಕಿದ್ದು. ನಾಳೆ ಪಂಪೇ ನಿಂತ್ರೆ ಹೇಳುವವರು ಯಾರು? ನಾನು ಹಾಕುದಿಲ್ಲ.”

“ಹಾಗಾದ್ರೆ ನಾಳೆಯಿಂದ ಬರುದು ಬೇಡ.”

“ಬರ್ತೇನೆ. ಈಗ ಸ್ವಲ್ಪ ಆಚೆ ನಿಲ್ಲಿ, ಪೈಪ್ ಬಿಚ್ಚಬೇಕು.”

ಪಂಪ್ ನಿಲ್ಲಿಸಿ, ಚಕ್ರ ಹೊರತೆಗೆದು, ನಾರು ಕಿತ್ತು ಮತ್ತೆ ಕೂರಿಸಿದರು. ಗಾಡಿಗಳು ಕಾಯಬೇಕಾಯಿತು, ಆದರೆ ಹಾಲು ಕೆಡಲಿಲ್ಲ. ಮರುದಿನ ಕಮಲಾವತಿಯವರನ್ನು ಗೇಟಿನಲ್ಲೇ ತಡೆದರು. ಕ್ಯಾನ್ ತೊಳೆಯುವ ನವ್ಯಶ್ರೀ ಅವರ ಪಕ್ಕಕ್ಕೆ ಬಂದು ನಿಂತಳು. “ಕಮಲಕ್ಕ ಹೊರಗಾದ್ರೆ ನಾವೂ ಹೊರಗೆ. ಒಳಗೆ ಉಸಿರಾಡುದು ನಾವಲ್ವಾ?” ಉಳಿದ ಹೆಂಗಸರೂ ಕೆಲಸ ಬಿಟ್ಟು ಬಂದರು. ದಾರಿಗೆ ಅಡ್ಡ ನಿಂತವರನ್ನು ಕಂಡು ಹಾಲಿನ ಗಾಡಿಗಳು ಹಾರನ್ ಹೊಡೆಯತೊಡಗಿದ ಮೇಲೆ ಗೇಟು ತೆರೆಯಿತು.

ಹರಿಪ್ರಸಾದ್ ತಂದಿದ್ದ ಆ ವಯರ್ ತುಂಡು ಈಗ ಗೋಡೆಯ ಮೊಳೆಯಲ್ಲಿದೆ. ಕಮಲಾವತಿ ಅದಕ್ಕೆ ಕೊಡೆ ತೂಗುಹಾಕುತ್ತಾರೆ. ನಿಮಗೇನು ಬೇಕು ಎಂದು ಕೇಳುತ್ತೇನೆ.

“ಪಂಪಿನ ಬಾಯಿಗೆ ಒಂದು ಒಳ್ಳೆ ಜಾಲರಿ ಹಾಕಿಸಿ ಕೊಡ್ಲಿ ಮಾರಾಯ್ರೆ, ನಾರು ಬರುದು ನಿಲ್ತದೆ. ಕೊಡದಿದ್ರೆ ದಿನಾ ಚಕ್ರ ಬಿಚ್ತೇನೆ. ವಯರ್ ಮಾತ್ರ ಹಾಕುದಿಲ್ಲ.”