ನಮ್ಮತ್ತೆ ಸೊಂಟದಲ್ಲಿ ಒಯ್ದ ಡಬ್ಬಿ

ನಮ್ಮತ್ತೆಯ ಕೆಳದುಟಿ ಯಾವಾಗಲೂ ಸ್ವಲ್ಪ ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ಅದರ ಹಿಂದೆ ತಂಬಾಕಿನ ಸಣ್ಣ ಉಂಡೆ ಇರುತ್ತಿದ್ದದ್ದು ಒಂದು ಕಾರಣ. ಎದುರಿಗಿದ್ದವರ ಬಗ್ಗೆ ಅವರಿಗಿದ್ದ ಅಭಿಪ್ರಾಯ ಇನ್ನೊಂದು. ಯಾರಾದರೂ ದೊಡ್ಡ ಮಾತಾಡಿದರೆ ಆ ತುಟಿ ಇನ್ನಷ್ಟು ಮುಂದೆ ಬಂದು ಮೂಗಿನಿಂದ "ಹೂಂ" ಎಂಬ ಸಣ್ಣ ಸದ್ದು ಹೊರಡುತ್ತಿತ್ತು. ಅಲ್ಲಿಗೆ ಮಾತಾಡಿದವರ ಕತೆ ಮುಗಿಯಿತು. ಮದುವೆಯಾಗಿ ಮೆಹದಿಪಟ್ಟಣಂನ ಆ ಮನೆಗೆ ಬಂದ ಹೊಸತರಲ್ಲೇ ನನ್ನ ರೊಟ್ಟಿಗೆ, ನನ್ನ ತವರಾದ ರಾಯಚೂರಿಗೆ, ಕೊನೆಗೆ ನನ್ನ ಬಿ.ಕಾಂ. ಡಿಗ್ರಿಗೂ ಆ ಹೂಂ ಬಿದ್ದಿತ್ತು.

ಅವರು ಮುದ್ದೇಬಿಹಾಳದ ಕಡೆಯವರು. ಹೈದರಾಬಾದಿನಲ್ಲಿ ಅರ್ಧ ಆಯುಷ್ಯ ಕಳೆದರೂ ತರಕಾರಿಯವನ ಹತ್ತಿರ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದರು. ಕಲಿತರೆ ಅವನೇ ಕಲಿಯಬೇಕು. ಡಾಕ್ಟರು, ಆಟೋದವರ ಜೊತೆ ಮಾತ್ರ ತಮ್ಮದೇ ಒಂದು ನಮೂನೆಯ ಹಿಂದಿ. ಹೆಂಗಸರ ಬಗ್ಗೆ ಅವರಿಗೆ ಗೌರವ ಕಡಿಮೆ, ಗಂಡಸರ ಬಗ್ಗೆ ಇರಲೇ ಇಲ್ಲ. "ಮೀಸಿ ಇಟ್ಟಕೊಂಡ ಕೂಸುಗೋಳು" ಎಂದು ತಾವು ಹೆತ್ತ ಇಬ್ಬರನ್ನೂ ಸೇರಿಸಿಯೇ ಅನ್ನುತ್ತಿದ್ದರು.

ಹಿರಿಯ ಮಗ, ಅಂದರೆ ನನ್ನ ಭಾವ, ಸುಲ್ತಾನ್ ಬಜಾರಿನಲ್ಲಿ ಬನಿಯನ್ನು, ಚಡ್ಡಿಗಳ ಅಂಗಡಿ ಇಟ್ಟಿದ್ದರು. ಭಾನುವಾರ ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಕಾಲಗಲಿಸಿ ಕೂತು, "ನಮ್ಮ ಮನೆತನದ ಗಂಡಸರಂದ್ರ" ಎಂದು ಶುರು ಮಾಡುವರು. ಮನೆತನದ ಗಂಡಸರು ಏನು ಕಡಿದು ಹಾಕಿದ್ದರೋ ದೇವರಿಗೇ ಗೊತ್ತು. ಅತ್ತೆ ಅಡುಗೆಮನೆಯಿಂದಲೇ ಒಂದು ಹೂಂ ಕಳಿಸುತ್ತಿದ್ದರು.

ಎರಡು ಸಿಸೇರಿಯನ್ ಆದ ಮೇಲೆ ನನ್ನ ಮೈಯಲ್ಲಿ ರಕ್ತ ತೀರಾ ಕಡಿಮೆಯಾಯಿತು. ಇನ್ನೊಂದು ಹೆರಿಗೆ ಬೇಡ, ಇವಳಿಗೆ ಆಪರೇಷನ್ನೂ ಈಗ ಬೇಡ, ಗಂಡನಿಗೇ ಮಾಡಿಸಿ ಎಂದರು ಡಾಕ್ಟರಮ್ಮ. ನಮ್ಮ ಮನೆಯವರ ಮುಖ ಬಿಳುಚಿತು.

"ಅವ್ವಾ, ಹೋರಿಗಿ ಬೀಜ ಒಡದಂಗ ಮಾಡ್ತಾರ. ಆಮ್ಯಾಲ ನಾ ಏನ ಗಂಡಸಾಗಿ ಉಳಿತೀನಿ?"

"ಈಗ ಏನ ಭಾರೀ ಉಳದೀ?" ಎಂದರು ಅತ್ತೆ. ಮರುದಿನ ಮಗನ ರಟ್ಟೆ ಹಿಡಿದು ಡಾಕ್ಟರಮ್ಮನ ಮುಂದೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ನಾನು ಹಿಂದೆ ನಿಂತಿದ್ದೆ.

ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ವೃಷಣಗಳ ಕೆಲಸ ಎರಡು. ಒಂದು, ಗಂಡಸುತನದ ಹಾರ್ಮೋನು ಮಾಡುವುದು. ಅದು ನೇರ ರಕ್ತಕ್ಕೆ ಸೇರುತ್ತದೆ, ಗಡ್ಡಮೀಸೆ, ಕಸುವು, ಆಸೆ ಎಲ್ಲ ಅದರದೇ. ಎರಡು, ವೀರ್ಯಾಣು ಮಾಡುವುದು. ಅವು ವೃಷಣದ ಬೆನ್ನಿಗಂಟಿದ ಸುರುಳಿ ಕೊಳವೆಯಲ್ಲಿ ಬಲಿತು, ಅಲ್ಲಿಂದ ಎರಡು ಸಣ್ಣ ನಾಳಗಳಲ್ಲಿ ಮೇಲೆ ಹತ್ತುತ್ತವೆ. ಮೂತ್ರಚೀಲದ ಹಿಂದುಗಡೆಯ ಗ್ರಂಥಿಗಳೂ ಕೆಳಗಿನ ಪ್ರಾಸ್ಟೇಟೂ ತಮ್ಮ ದ್ರವ ಕೂಡಿಸಿದರೆ ವೀರ್ಯವಾಗುತ್ತದೆ. ಅದರಲ್ಲಿ ವೀರ್ಯಾಣುವಿನ ಪಾಲು ತೀರಾ ಸ್ವಲ್ಪ, ಉಳಿದದ್ದು ಬರೀ ದ್ರವ. ಕತ್ತರಿಸಿ ಕಟ್ಟುವುದು ಆ ಎರಡು ನಾಳಗಳನ್ನು ಮಾತ್ರ. "ಟಾಂಕಿ ವೈಸಾಚ್ ಹೈ ಅಮ್ಮಾ, ಪೈಪ್ ಬಂದ್ ಕರ್ತೇ, ಬಸ್" ಎಂದರು ಡಾಕ್ಟರಮ್ಮ.

ಅತ್ತೆ ಮಗನ ಕಡೆ ತಿರುಗಿದರು. "ಕೇಳಿದೇನ? ಟಾಂಕಿ ಹಂಗ ಇರ್ತೈತಿ. ನಿನ್ನ ಮೀಸಿ ಏನ ಉದರೂದಿಲ್ಲ."

ಒಂದು ಚಹಾ ಕುಡಿಯುವಷ್ಟರಲ್ಲಿ ಆಪರೇಷನ್ ಮುಗಿಯಿತು. ಆಮೇಲೆ ನಮ್ಮ ಮನೆಯವರು ಬಾಣಂತಿಯ ಹಾಗೆ ಮಲಗಿದರು. ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡವಳು ನಾನು ಮಂಚದ ಹತ್ತಿರಕ್ಕೆ ಗಂಜಿ ಒಯ್ದು ಕೊಡುತ್ತಿದ್ದೆ. ಡಾಕ್ಟರಮ್ಮ ಕಾಂಡೋಮಿನ ಪಾಕೀಟು ಕೊಟ್ಟು ಸ್ಪಷ್ಟವಾಗಿ ಹೇಳಿದ್ದರು: ನಾಳ ಕಟ್ಟಿದರೂ ಆಗಲೇ ಮೇಲೆ ಹೋದ ವೀರ್ಯಾಣು ಒಳಗೇ ಇರುತ್ತವೆ, ಮೂರು ತಿಂಗಳು ಇದನ್ನು ಬಳಸಿ, ಆಮೇಲೆ ಡಬ್ಬಿಯಲ್ಲಿ ವೀರ್ಯ ತಂದು ಕೊಡಿ, ನೋಡಿ ಹೇಳುತ್ತೇನೆ. ಪಾಕೀಟು ಕಪಾಟಿನ ಮೇಲೆ ಹೋಯಿತು. ನೆನಪಿಸಿದರೆ, "ಆಪರೇಷನ್ ನನಗ ಆಗೇತೋ ನಿನಗೋ?" ಎಂದರು. ಮಂಚ ಬಿಟ್ಟೆದ್ದ ಕೂಡಲೇ ತಾವು ಗಂಡಸಾಗಿ ಉಳಿದಿದ್ದಾರೋ ಇಲ್ಲವೋ ನೋಡಿಕೊಳ್ಳುವ ಅವಸರ ಅವರಿಗೆ.

ಮುಂದಿನ ಮುಟ್ಟು ಬರಲಿಲ್ಲ.

ಸುದ್ದಿ ತಿಳಿದ ಭಾನುವಾರವೇ ಭಾವ ಸೋಫಾದ ಮೇಲೆ ಪಂಚಾಯಿತಿ ಹೂಡಿದರು. "ನಾಳ ಕತ್ತರಿಸಿದ ಮ್ಯಾಲ ಬಸರು ಹೆಂಗ ನಿಲ್ತೈತಿ? ಈಕಿದು ಗಚ್ಚಿಬೌಲ್ಯಾಗ ಆಫೀಸು, ರಾತ್ರಿ ಕ್ಯಾಬು, ಜೋಡಿ ಯಾರಿರ್ತಾರೋ ಏನೋ. ಈಕಿನ್ನ ರಾಯಚೂರಿಗೆ ಕಳಸು. ಮಕ್ಕಳು ಇಲ್ಲೇ ಇರಲಿ."

ನಾನು ಗಂಡನ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು. ಅಂಥ ಹೇಡಿತನವನ್ನು ನಾನು ಅದಕ್ಕೆ ಮುಂಚೆ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಮಕ್ಕಳ ಶಾಲೆಯ ಅಂಗಿಗಳು ಬಾಲ್ಕನಿಯಲ್ಲಿ ಒಣಗುತ್ತಿದ್ದವು. ಅವನ್ನು ಮಡಚುವವರು ಯಾರು ಎಂಬ ಒಂದೇ ಯೋಚನೆ ನನಗೆ ಬಂತು. ಒಳಗೆ ಹೋಗಿ ತವರಿಗೆ ಫೋನ್ ಮಾಡಿದೆ. ಅಪ್ಪ ಅತ್ತರು.

ಅತ್ತೆ ತಂಬಾಕು ಉಗುಳಿ ಬಂದರು. "ಡಾಕ್ಟರು ಡಬ್ಬ್ಯಾಗ ತಾ ಅಂದಿದ್ಲಲ್ಲ, ಒಯ್ದಿಯೇನ?"

"ಇನ್ನ ಮೂರ ತಿಂಗಳು ಆಗಿಲ್ಲವ್ವ. ಮತ್ತ ಅದೆಲ್ಲಾ ನಿನ್ನ ಮುಂದ..."

"ಹೆಂಡತಿ ಮ್ಯಾಲ ಇಂಥಾ ಮಾತು ಬಂದ್ರ ಕೇಳಿಸ್ಕೊಂಡ ಕುಂದ್ರಾಕ ನಾಚಿಕಿ ಬರಲಿಲ್ಲ. ಡಬ್ಬಿ ಅಂದ್ರ ಬರ್ತೈತೇನ? ನಾಳೆ ಮುಂಜಾನೆ ತುಂಬಿ ಕೊಡು. ನೀ ಬರಬ್ಯಾಡ, ನಾ ಒಯ್ತೀನಿ."

ಬೆಳಿಗ್ಗೆ ನಮ್ಮ ಮನೆಯವರು ಬಚ್ಚಲಿನಿಂದ ಬಂದು, ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮುಖ ತೋರಿಸದೆ ಆಫೀಸಿಗೆ ಓಡಿದರು. ತಾಸಿನೊಳಗೆ ತಲುಪಬೇಕು, ತಣ್ಣಗಾಗಬಾರದು ಎಂದು ಲ್ಯಾಬಿನವರು ಫೋನಿನಲ್ಲಿ ಹೇಳಿದ್ದರು. ಅತ್ತೆ ಡಬ್ಬಿಯನ್ನು ಸೀರೆಯೊಳಗೆ ಸೊಂಟಕ್ಕೆ ಸಿಕ್ಕಿಸಿ ಸೆರಗು ಹೊದ್ದರು. ಫ್ಲೈಓವರಿನ ಕೆಳಗೆ ಆಟೋ ನಿಂತುಬಿಟ್ಟಿತು.

"ಜಲ್ದಿ ಚಲೋ ಬೇಟಾ, ಗರಂ ಸಾಮಾನ್ ಹೈ."

"ಬಿರಿಯಾನಿ ಹೈ ಕ್ಯಾ ಅಮ್ಮಾ?" ಎಂದ ಆಟೋದವನು.

ಅತ್ತೆ ಹೂಂ ಎಂದರು. ಅಷ್ಟು ಸಂಕಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಲ್ಯಾಬಿನ ಹುಡುಗಿ ಪೇಷಂಟ್ ಎಲ್ಲಿ ಎಂದು ಕೇಳಿದಳು. "ಘರ್ ಮೇ ಛುಪಾ ಹೈ" ಎಂದರು ಅತ್ತೆ. ಆಮೇಲೆ ನನಗೆ, "ನೀ ಇಲ್ಲೇ ಹೊರಗ ಕುಂದ್ರು" ಎಂದು ಹೇಳಿ ಒಬ್ಬರೇ ಒಳಗೆ ಹೋದರು. ನನ್ನ ತಪ್ಪಿಲ್ಲವೆಂದು ನನಗೆ ಗೊತ್ತು. ಆದರೆ ಇಷ್ಟು ದಿನದಲ್ಲಿ ಒಳಗೆ ಉಳಿದದ್ದೆಲ್ಲ ಬರಿದಾಗಿದ್ದರೆ? ಆಗ ನನ್ನ ಮಾತನ್ನು ಕೇಳುವವರು ಯಾರು?

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. "ಬಾ ಇಲ್ಲಿ, ನೋಡ" ಎಂದರು. ಲ್ಯಾಬಿನ ಡಾಕ್ಟರು ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಬಗ್ಗಿಸಿದರು. ಪುಟ್ಟ ತಲೆ, ದಾರದಂಥ ಬಾಲ. ಬಹಳಷ್ಟು ಸತ್ತು ಬಿದ್ದಿದ್ದವು. ಅಲ್ಲೊಂದು ಇಲ್ಲೊಂದು ಬಾಲ ಬಡಿಯುತ್ತ, ದಿಕ್ಕು ತಿಳಿಯದೆ ಒಂದೇ ಕಡೆ ತಿರುಗುತ್ತಿತ್ತು. ಈಗಲೂ ಇಷ್ಟು ಉಳಿದಿವೆ, ಆಪರೇಷನ್ ಆದ ಹೊಸತರಲ್ಲಿ ಗರ್ಭ ನಿಲ್ಲದೆ ಏನು ಎಂದರು ಡಾಕ್ಟರು. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ನಮ್ಮತ್ತೆ ಇನ್ನೊಮ್ಮೆ ಬಗ್ಗಿ ನೋಡಿದರು. ತುಟಿ ಮುಂದೆ ಬಂತು. "ಇಷ್ಟಕ್ಕನಾ ಇವರ ಸೊಕ್ಕು?"

ಸಂಜೆ ಲ್ಯಾಬಿನ ಕಾಗದವನ್ನು ಭಾವನ ತೊಡೆಯ ಮೇಲೆ ಎಸೆದರು. ಲ್ಯಾಬಿನವರದು ತಪ್ಪಾಗಿರಬಹುದು ಎಂದು ಅವರು ಗೊಣಗಿದರು. "ಹಂಗಾರ ನೀನೂ ಒಂದ ಡಬ್ಬಿ ತುಂಬಿ ಕೊಡಪಾ. ಒಯ್ದು ತೋರಿಸ್ತೀನಿ. ಮನೆತನದ ಗಂಡಸರದು ಹೆಂಗೈತಿ ನೋಡೂಣು" ಎಂದರು ಅತ್ತೆ. ಭಾವ ಚಪ್ಪಲಿ ಮೆಟ್ಟಿಕೊಂಡು ನಡೆದರು. ಮನೆತನದ ಭಾಷಣ ಅವತ್ತೇ ಕೊನೆ.

ಡಾಕ್ಟರಮ್ಮನ ಸಲಹೆ ಕೇಳಿ ಆ ಗರ್ಭ ತೆಗೆಸಿಕೊಂಡೆ. ತೀರ್ಮಾನ ನನ್ನದು, ಅತ್ತೆ ಜೊತೆಗೆ ಬಂದು ಕೂತಿದ್ದರು. ನಮ್ಮ ಮನೆಯವರು ತಪ್ಪಾಯಿತು ಎನ್ನಲಿಲ್ಲ, ಸುಲ್ತಾನ್ ಬಜಾರಿನಿಂದ ಒಂದು ಸೀರೆ ತಂದರು. ಪಾತ್ರೆ ತೊಳೆಯುವವಳಿಗೆ ಕೊಟ್ಟೆ. ಅವರ ಜೊತೆ ಇವತ್ತಿಗೂ ಸಂಸಾರ ಮಾಡುತ್ತಿದ್ದೇನೆ. ಆ ಫ್ಯಾನು ನೋಡಿದ ಮುಖವನ್ನು ಮಾತ್ರ ಮರೆತಿಲ್ಲ, ಮರೆಯುವ ಆಸೆಯೂ ಇಲ್ಲ.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದರು. ನನ್ನ ಗಂಜಿಗೆ ಉಪ್ಪು ಕಡಿಮೆ ಎನ್ನುವುದನ್ನು ಆಗಲೂ ಬಿಡಲಿಲ್ಲ. ಒಂದು ಮಧ್ಯಾಹ್ನ ಕಾಲು ಒತ್ತುತ್ತ ಕೇಳಿದೆ, "ಅತ್ತಿ, ಅವತ್ತ ಲ್ಯಾಬಿನ್ಯಾಗ ನನ್ನ ಯಾಕ ಹೊರಗ ಕುಂದ್ರಿಸಿದ್ರಿ?"

"ಡಬ್ಬಿ ಖಾಲಿ ಬಂದ್ರ ನಿನ್ನ ಮಾರಿ ನೋಡೇ ಅಣ್ಣತಮ್ಮರಿಗೆ ಗೊತ್ತಾಗ್ತಿತ್ತು. ನಿನಗ ಸುಳ್ಳ ಹೇಳಾಕ ಬರೂದಿಲ್ಲ."

"ಅಂದ್ರ ನೀವು ನನ್ನ ನಂಬಿರಲಿಲ್ಲೇನ್ರಿ?"

"ನಂಬಾಕ ನೀ ಏನ ದೇವರಾ?"

ನನಗೆ ಸಿಟ್ಟು ಬಂತು, ದುಃಖವೂ ಆಯಿತು. "ಖಾಲಿ ಬಂದಿದ್ರ ಏನ ಮಾಡ್ತಿದ್ರಿ?"

"ಕಾಗದ ಗಟಾರಕ್ಕ ಒಗದು, ತುಂಬೇತಿ ಅಂತ ಹೇಳ್ತಿದ್ದೆ. ಹೋಗಿ ಕೇಳೂ ಧೈರ್ಯ ಆ ಇಬ್ಬರೊಳಗ ಯಾರಿಗಿತ್ತು?"

ನಾನು ಅವರ ಪಾದಕ್ಕೆ ಹಣೆ ಇಟ್ಟೆ. "ಸಾಕ ಬಿಡು, ಕಾಲ ನೋಯ್ತಾವ" ಎಂದು ಎಳೆದುಕೊಂಡರು. ಆ ವಾರವೇ ತೀರಿಕೊಂಡರು.

ನಮ್ಮಪ್ಪ ನನ್ನನ್ನು ಪೂರ್ತಿ ನಂಬಿದ್ದರು, ಫೋನಿನಲ್ಲಿ ಅತ್ತು ಸುಮ್ಮನಾದರು. ನಂಬದಿದ್ದ ನಮ್ಮತ್ತೆ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಟೋ ಹತ್ತಿದ್ದರು.