ಬಣ್ಣ ಹಚ್ಚದ ಅಗಸಿ

ನಮ್ಮ ಮನೆಯವರ ಮರೆವಿನ ಬಗ್ಗೆ ನಾನು ಹೇಳಿದರೆ ಜನ ನಗುತ್ತಾರೆ. ಕಟ್ಟಿಕೊಂಡವಳಿಗೆ ಗೊತ್ತು ಅದರ ಸಂಕಟ. ಮಗಳನ್ನು ಶಾಲೆಗೆ ಬಿಡಲು ಹೊರಟು, ಅವಳನ್ನು ಕೂರಿಸಿಕೊಂಡೇ ಹೋಗಿ ಆಫೀಸಿನ ಮುಂದೆ ಕಾರು ನಿಲ್ಲಿಸಿದ ಮಹಾನುಭಾವರು ಇವರು. ಹೆಸರು ಬಸವಕುಮಾರ, ಊರು ರೋಣ. ಮಸ್ಕತ್ತಿನ ಘಾಲಾದಲ್ಲಿ ಹಳೆಯ ಕಟ್ಟಡಗಳ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ.

ಎಣ್ಣೆಯ ಬೆಲೆ ಬಿದ್ದ ವರ್ಷ ಆ ಆಫೀಸಿನ ಅರ್ಧ ಮೇಜುಗಳು ಖಾಲಿಯಾದವು. ಇವರಿಗೂ ಮ್ಯಾನೇಜರು ಹೇಳಿದ: ಕೋಟೆಯ ಕೆಲಸಕ್ಕೆ ಸಹಿ ಬಿದ್ದರೆ ನೀನು ಉಳಿಯುತ್ತೀಯ, ಇಲ್ಲದಿದ್ದರೆ ಖಲಾಸ್. ಮಗಳು ಐಶ್ವರ್ಯಾ ಆಗ ಹತ್ತನೇ ತರಗತಿ. ನಡುವೆ ಊರಿಗೆ ಎಬ್ಬಿಸಿಕೊಂಡು ಹೋದರೆ ಹುಡುಗಿಯ ವರ್ಷವೇ ಹಾಳು. ನನಗಂತೂ ಆಸೆ ಉಳಿದಿರಲಿಲ್ಲ. ಸಿಟ್ಟಿನಲ್ಲಿ ರೊಟ್ಟಿ ಹಂಚನ್ನೂ ರಟ್ಟಿನ ಪೆಟ್ಟಿಗೆಗೆ ಹಾಕಿ ಟೇಪು ಸುತ್ತಿಬಿಟ್ಟಿದ್ದೆ.

ಕೋಟೆ ಇದ್ದದ್ದು ಮಸ್ಕತ್ತಿನಿಂದ ದೂರ, ಖರ್ಜೂರದ ತೋಟಗಳ ನಡುವೆ. ಮಣ್ಣಿನ ಗೋಡೆ, ಒಂದು ಬುರುಜು, ನಮ್ಮ ಕಡೆಯ ದೇಸಾಯರ ವಾಡೆಯ ಹಾಗೆ. ಹಿಲಾಲ್ ಮತ್ತು ಹಮೂದ್ ಎಂಬ ದಾಯಾದಿಗಳ ಮುತ್ತಜ್ಜ ಕಟ್ಟಿಸಿದ್ದು. ದಾಳಿ ಬಂದರೆ ಊರೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿತ್ತಂತೆ. ಮುತ್ತಜ್ಜ ತೀರಿಕೊಂಡ ಮೇಲೆ ದೊಡ್ಡ ಮಗನಿಗೆ ಬುರುಜಿನ ಕಡೆ ಹೋಯಿತು, ಚಿಕ್ಕವನಿಗೆ ಖರ್ಜೂರದ ಉಗ್ರಾಣದ ಕಡೆ. ಹೆಬ್ಬಾಗಿಲು ಯಾರದೆಂದು ಮುತ್ತಜ್ಜ ಹೇಳಿ ಹೋಗಿರಲಿಲ್ಲ. ಬಾಗಿಲು ಯಾರದೋ, ಬಂದ ಅತಿಥಿಗೆ ಮೊದಲ ಕಾಫಿ ಕೊಡುವ ಮರ್ಯಾದೆ ಅವರದು. ಮರಿಮಕ್ಕಳು ಸಿಮೆಂಟಿನ ಮನೆ ಕಟ್ಟಿಕೊಂಡು ಹೊರಗೆ ಹೋದರೂ ಈ ಜಗಳ ಮಾತ್ರ ಬಿಡಲಿಲ್ಲ. ಬಾಗಿಲಿಗೆ ಎರಡು ಬೀಗ, ಒಬ್ಬೊಬ್ಬರಿಗೆ ಒಂದೊಂದು ಕೀಲಿಕೈ. ಇವರು ಅಳತೆಗೆ ಹೋದಾಗಲೆಲ್ಲ ಇಬ್ಬರನ್ನೂ ಫೋನು ಮಾಡಿ ಕರೆಸಬೇಕಿತ್ತು.

ಮಳೆಗೆ ಗೋಡೆ ಜರಿಯಲು ತೊಡಗಿದಾಗ ರಿಪೇರಿಗೆ ಇಬ್ಬರೂ ಒಪ್ಪಿದರು. ಆದರೆ ಯಾರ ಪಾಲು ಯಾವುದು ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿ ತೋರಿಸಬೇಕು, ಆಮೇಲೆ ಸಹಿ.

ಆ ಶುಕ್ರವಾರ ನಾನೂ ಜೊತೆಗೆ ಹೋದೆ, ಇವರು ನಕ್ಷೆಯನ್ನೇ ಮನೆಯಲ್ಲಿ ಮರೆತು ಹೋದಾರು ಎಂಬ ಭಯಕ್ಕೆ. ಕೋಟೆಯ ಅಂಗಳದಲ್ಲಿ ಚಾಪೆ ಹಾಸಿದ್ದರು. ನಾನು ಹಿಲಾಲನ ಮುದಿ ತಾಯಿಯ ಪಕ್ಕ ಕುಳಿತೆ; ಎರಡೂ ಮನೆಗೆ ಉಳಿದ ಹಿರಿಯಳು ಆಕೆಯೊಬ್ಬಳೇ. ಇವರು ನಕ್ಷೆ ಬಿಚ್ಚಿದರು. ಹಿಲಾಲನ ಬುರುಜಿನ ಕಡೆ ಹಸಿರು, ಹಮೂದನ ಉಗ್ರಾಣದ ಕಡೆ ಹಳದಿ. ಹೆಬ್ಬಾಗಿಲು ಮತ್ತು ಬಾವಿ ಬರೀ ಬಿಳಿ.

ನಾನು ಇವರ ಕಡೆ ಜರುಗಿದೆ.

"ಏನ್ರೀ ಇದು, ಬಣ್ಣ ಹಚ್ಚೂದು ಮರತೀರೇನು?" ಎಂದು ಪಿಸುಗುಟ್ಟಿದೆ.

ಹಿಲಾಲ್ ಬಾಗಿಲಿನ ಮೇಲೆ ಬೆರಳಿಟ್ಟು ಹಿಂದಿಯಲ್ಲಿ ಕೇಳಿದ, "ಇದು ಯಾರದು?"

ಇವರು ತಲೆ ಕೆರೆದುಕೊಂಡರು. ಆಮೇಲೆ ಹಿಂದಿಯಲ್ಲೇ ತಡವರಿಸುತ್ತ ಹೇಳಿದರು, "ತಪ್ಪಾಯ್ತು. ನಮ್ಮೂರಲ್ಲಿ ಅಣ್ಣತಮ್ಮಂದಿರ ಪಾಲಿನ ನಕ್ಷೆ ಬರೆದೂ ಬರೆದೂ ಕೈ ಹಾಗೇ ರೂಢಿಯಾಗಿದೆ. ಅಲ್ಲಿ ವಾಡೆ ಪಾಲಾದರೂ ಅಗಸಿ ಬಾಗಿಲು, ಬಾವಿ ಪಾಲಾಗೋದಿಲ್ಲ. ಅವು ಇಡೀ ಮನೆತನದವು. ಅದಕ್ಕೆ ನಾವು ಬಣ್ಣ ಹಚ್ಚೋದಿಲ್ಲ."

ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಹಮೂದ್ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡು ನೋಡಿದ, ಮತ್ತೆ ನೋಡಿದ. ಇವರು ಹೇಳಿದ್ದೇನೆಂದು ಮುದುಕಿ ಮಗನನ್ನು ಕೇಳಿದಳು. ಅವನು ಅರಬಿಯಲ್ಲಿ ಹೇಳಿದ. ಆಕೆ ಬಾಗಿಲಿನ ಕಡೆ ತಿರುಗಿ ನೋಡಿದಳು. ನಂತರ ಇಬ್ಬರ ಮುಂದೆಯೂ ಅಂಗೈ ಚಾಚಿದಳು. ಕೀಲಿಕೈ ಎರಡೂ ಇಲ್ಲಿ ಕೊಡಿ, ಖಲಾಸ್, ಅಷ್ಟೇ ಅವಳ ಮಾತು. ಮೊದಲು ಕೊಟ್ಟವನು ಹಮೂದ್. ಹಿಲಾಲನೂ ಕೊಟ್ಟ. ಆಕೆ ಎರಡನ್ನೂ ತಲೆವಸ್ತ್ರದ ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಸಹಿಯೂ ಬಿತ್ತು.

ಕಾಫಿ ಬಂತು, ಆಕೆಯೇ ಎಲ್ಲರಿಗೂ ಹೊಯ್ದಳು. ಸಾಕೆನ್ನಲು ಬಟ್ಟಲು ಅಲ್ಲಾಡಿಸಬೇಕು, ಇಷ್ಟು ವರ್ಷ ಇದ್ದ ನನಗೆ ಗೊತ್ತಿಲ್ಲದ್ದೇ? ಅಂದು ಅಲ್ಲಾಡಿಸುವುದನ್ನೇ ಮರೆತೆ. ಆಕೆ ಹೊಯ್ಯುತ್ತಲೇ ಇದ್ದಳು, ನಾನು ಕಣ್ಣೊರೆಸಿಕೊಳ್ಳುತ್ತ ಕುಡಿಯುತ್ತಲೇ ಇದ್ದೆ.

ಕಾರಿನಲ್ಲಿ ಕೇಳಿದೆ, "ಖರೇ ಹೇಳ್ರಿ, ಬೇಕಂತ ಬಿಟ್ರೋ, ಮರತ್ರೋ?"

"ದೊಡ್ಡಾವನ ಪಾಲಿಗಿ ಹಾಕು, ಬಾಗಲಕ್ಕ ಹಸರ ಹಚ್ಚು ಅಂತ ಮ್ಯಾನೇಜರ್ ಹೇಳಿದ್ದ. ಮರತಬಿಟ್ಟೆ, ಶರಣವ್ವ."

ಹಸಿರು ಹಚ್ಚಿದ್ದರೆ ಹಮೂದ್ ಅಲ್ಲಿಂದಲೇ ಎದ್ದು ಹೋಗುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

ಮನೆಗೆ ಬಂದು ಚಾಕು ಹಿಡಿದು ಪೆಟ್ಟಿಗೆಯ ಟೇಪು ಕೊಯ್ಯುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತಳು.

"ಮಮ್ಮಿ, ಬೋರ್ಡ್ ಎಕ್ಸಾಮ್ ಇಲ್ಲೇನಾ?"

"ಇಲ್ಲೇ. ಓದ್ಕೋ ಹೋಗು, ರೊಟ್ಟಿ ಮಾಡ್ತೀನಿ," ಎಂದೆ.