ಟ್ಯಾಂಕಿನ ಬೀಗದಕೈ

ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿದ್ದ ಆ ವಿಜಯಪುರದ ಮೆಕ್ಯಾನಿಕ್ ಮಾತುಮಾತಿಗೂ "ತಡೀರಿ, ಗಾಡೀನ ಹೇಳ್ತೈತಿ" ಅನ್ನುತ್ತಿದ್ದ. ನಾನು ನಂಬುತ್ತಿರಲಿಲ್ಲ. ನಾನೋ, ಡೀಸೆಲ್ ಟ್ಯಾಂಕಿನ ಬೀಗದಕೈಯನ್ನು ಡ್ರೈವರಿಗೂ ಕೊಡದ ಹೋಟೆಲಿನವ. ಹೊಸ ಪಿಕಪ್‌ನ ಹೊಗೆ ಸೋಸುವ ಕನ್ವರ್ಟರ್ ಎರಡೇ ವರ್ಷಕ್ಕೆ ಕಟ್ಟಿಕೊಂಡಿತು. ಅದರೊಳಗಿನ ದುಬಾರಿ ಲೋಹದ ಆಸೆಗೆ ಹಿಂದಿನ ಸರ್ವಿಸಿನಲ್ಲಿ ಇವನೇ ಅದನ್ನು ಕದ್ದು ಹಳೆಯದನ್ನು ಕೂರಿಸಿದ್ದಾನೆಂದು ಅನುಮಾನಿಸಿ, ಬಿಚ್ಚುವಾಗ ಎದುರಿಗೇ ಸ್ಟೂಲ್ ಹಾಕಿ ಕುಳಿತೆ. ಬಿಚ್ಚಿದ್ದನ್ನು ಅವನು ಮೊದಲು ನನ್ನ ಕೈಗೇ ಕೊಟ್ಟ. ಕಂಪನಿಯ ನಂಬರು ಸರಿಯಾಗಿಯೇ ಇತ್ತು. ಆಮೇಲೆ ನನ್ನಿಂದ ಬೀಗದಕೈ ಪಡೆದು, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ.

"ಶೇಟ್ರ, ಡೀಸೆಲ್‌ನ್ಯಾಗ ವಡಿ ಕರದ ಎಣ್ಣಿ ವಾಸನಿ ಬರಾಕತ್ತೈತಿ."

ಕರಿದುಳಿದ ಎಣ್ಣೆಯನ್ನು ಪಂಚೆಯಲ್ಲಿ ಸೋಸಿ ಬೆರೆಸುತ್ತಿದ್ದವನು ನಾನೇ. ಆದರೂ "ಯಾರೋ ಕಳ್ಳರು ಸುರಿದಿರಬೇಕು ಮಾರಾಯಾ" ಅಂದೆ.

"ಇರಬಹುದ್ರಿ" ಎಂದವನು ಮುಚ್ಚಳಕ್ಕೆ ಬೀಗ ಹಾಕಿ, ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟ.